ಟ್ರ್ಯಾಕ್ಟರಿನ ಬಾಣಂತನ

ನನ್ನ ನಾದಿನಿ ಜನ್ಮದಲ್ಲಿ ಒಬ್ಬ ಬಾಣಂತಿಗೂ ಎಣ್ಣೆ ಹಚ್ಚಿದವಳಲ್ಲ. ಆದರೆ ಒಂದು ಟ್ರ್ಯಾಕ್ಟರಿನ ಬಾಣಂತನ ಮಾಡಿದ್ದಾಳೆ! ನಗಬೇಡಿ ಮಕ್ಕಳೇ, ಕಣ್ಣಾರೆ ಕಂಡಿದ್ದೇನೆ. ನಡುವೆ ಆ ಬಾಣಂತಿಗೆ ತಣ್ಣೀರು ಸೋಕಿಸಿ ಬೈಸಿಕೊಂಡವಳೂ ನಾನೇ.

ನಿಮ್ಮ ಅಜ್ಜನ ಈ ತಂಗಿಗೆ ಪೀರನವಾಡಿಯಲ್ಲಿ ವೆಲ್ಡಿಂಗ್ ಅಂಗಡಿ. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ, ಮುಖಕ್ಕೆ ಕಪ್ಪು ಗಾಜಿನ ಮುಖವಾಡ. ಗೇಟು ಮಾಡಿಸಲು ಬಂದವರು “ಮಾಲಕರು ಎಲ್ಲದಾರ?” ಎಂದರೆ ಮುಖವಾಡ ಎತ್ತಿ, “ನಿಮ್ಮ ಮುಂದ ನಿಂತಾರ ನೋಡ್ರಿ!” ಎನ್ನುತ್ತಾಳೆ. ಒಬ್ಬರಂತೂ ಹೆದರಿ ಎರಡು ಗೇಟು ಮಾಡಿಸಿದರು.

ನಿಮ್ಮ ಅಜ್ಜ ಹೋದ ಮೇಲೆ ಖಾನಾಪುರದಲ್ಲಿ ಅವರ ಹಳೆಯ ಟ್ರ್ಯಾಕ್ಟರ್ ನಿಂತೇ ಹೋಯಿತು. ಓಡಿಸುವುದನ್ನು ಅವರು ನನಗೆ ಗದ್ದೆಯಲ್ಲೇ ಕಲಿಸಿದ್ದರು. ಆದರೆ ಹತ್ತುವುದು ಹೇಗೆ? ಅದಕ್ಕೆ ಮೆಟ್ಟಿಲೇ ಇಲ್ಲ. ಅವರು ಮೇಲಿನಿಂದ ಕೈ ಕೊಡುತ್ತಿದ್ದರು, ನಾನು ಏರುತ್ತಿದ್ದೆ. ಟ್ರ್ಯಾಕ್ಟರ್ ರಿಪೇರಿ ಮಾಡುವ ಮಿಸ್ತ್ರಿ ಬಂದು ನೋಡಿ, “ಹೆಣ್ಮಕ್ಕಳು ಹತ್ತೂ ಗಾಡಿ ಅಲ್ರಿ ಇದು. ಗುಜರಿಗೆ ಕೊಟ್ಟಬಿಡ್ರಿ” ಎಂದ. ನಾನು ಸೆರಗು ಎಳೆದುಕೊಂಡು ‘ಹೂಂ’ ಎಂದೆ. ನನಗೆ ಬರುವುದು ಅದೊಂದೇ ಮಾತು!

ಸುದ್ದಿ ಮುಟ್ಟಿದ ಮರುದಿನವೇ ನಾದಿನಿ ಬಂದಿಳಿದಳು.

“ಮೆಟ್ಟಲ ಇಲ್ಲಂದ್ರ ಮೆಟ್ಟಲ ಕೂಡಸೂಣು. ಗಾಡಿ ಯಾಕ ಕೊಡಬೇಕು?”

ಮಿಸ್ತ್ರಿ ನಕ್ಕ. “ಎಲ್ಲಿ ಕೂಡಸ್ತೀರಿ ಬಾಯಾರ? ಹಿಂದಿನ ಎಕ್ಸೆಲ್ ಹೌಸಿಂಗ್ ಬೀಡಿಂದು ಐತಿ. ಬೀಡಕ್ಕ ವೆಲ್ಡಿಂಗ್ ಹಿಡಿಯೂದಿಲ್ಲ, ಸೀಳತೈತಿ.”

“ನಿನ್ನ ಕೈಯಾಗ ಸೀಳತೈತಿ. ಬಿಚ್ಚಿಕೊಡು!”

ಹೌಸಿಂಗ್ ಎಂದರೆ ಚಕ್ರದ ಅಚ್ಚನ್ನು ಒಳಗಿಟ್ಟುಕೊಂಡ ದಪ್ಪ ಕೊಳವೆ. ಬೀಡು ಎಂದರೆ ಎರಕದ ಕಬ್ಬಿಣ. ನೋಡಲು ಗಟ್ಟಿ, ಸ್ವಭಾವ ಮಹಾ ನಾಜೂಕು. ಅದನ್ನು ಟೆಂಪೋಗೆ ಹೇರುವ ಮುಂಚೆ ಮೆಟ್ಟಿಲಿನ ಎತ್ತರ ಗೊತ್ತುಮಾಡಲು ನಾದಿನಿ ನನ್ನನ್ನು ಒಂದರ ಮೇಲೊಂದು ಇಟ್ಟ ಇಟ್ಟಿಗೆಗಳ ಮೇಲೆ ಹತ್ತಿಸಿದಳು. ಐದನೆಯ ಇಟ್ಟಿಗೆಗೆ ಸೀರೆ ಮೇಲೆ ಸರಿಯಿತು, ನಾಚಿ ಇಳಿದುಬಿಟ್ಟೆ. “ನಾಲ್ಕ ಸಾಕು,” ಎಂದು ಗೋಡೆಗೆ ಇದ್ದಿಲಿನಿಂದ ಗೀಟೆಳೆದಳು.

ನಾನೂ ಜೊತೆಗೆ ಹೋದೆ. ಅವಳ ಅಂಗಡಿಯಲ್ಲಿ ಬಾಣಂತನ ಶುರುವಾಯಿತು. ಇದ್ದಿಲ ಕೆಂಡದಲ್ಲಿ ಹೌಸಿಂಗನ್ನು ನಿಧಾನ ಕಾಯಿಸಿದಳು. ಬೆರಳಗಲ ಬೆಸೆಯುವುದು, ಕೂಸಿನ ಬೆನ್ನು ತಟ್ಟಿದಂತೆ ಸಣ್ಣ ಸುತ್ತಿಗೆಯಿಂದ ತಟ್ಟುವುದು, ಮತ್ತೆ ಬೆರಳಗಲ. ಕೂಡಿಸಿದ್ದು ಮೆಟ್ಟಿಲಿಗೆ ಆಸರೆಯಾಗುವ ಬ್ರ್ಯಾಕೆಟ್, ಒಂದಲ್ಲ, ಎರಡು.

“ಮೆಟ್ಟಲ ಒಂದ ಅಲ್ಲ? ಎರಡನೇದು ಯಾಕ?” ಎಂದು ಕೇಳಿದೆ.

“ಬಾಯಿ ಮುಚ್ಚು ವೈನಿ, ಗಾಳಿ ಹೊಕ್ಕೀತು!”

ಇನ್ನು ಅದನ್ನು ಬೂದಿಯಲ್ಲಿ ಹೂತು ಒಂದು ದಿನ ತಾನಾಗಿ ಆರಲು ಬಿಡಬೇಕು. ಪಕ್ಕದ ದೇಸೂರಿನ ಅರ್ಧ ಊರಿನ ನೀರೊಲೆಗಳ ಬೂದಿ ತರಿಸಿದ್ದಳು. ಹಿತ್ತಲಿನಿಂದ ಆ ಬೂದಿಚೀಲ ತರಲು ಹೋದಳು. ಹೊತ್ತು ಮುಳುಗಿತ್ತು. ದೀಪ ಹಚ್ಚುವ ಮುಂಚೆ ಹೊಸ್ತಿಲಿಗೆ ನೀರು ಚಿಮುಕಿಸದೆ ಈ ಕೈ ಸುಮ್ಮನಿದ್ದೀತೆ? ಚಿಮುಕಿಸಿದೆ. ನಾಲ್ಕು ಹನಿ ಒಳಗೆ, ಕಾದ ಹೌಸಿಂಗಿನ ಮೇಲೆ ಹಾರಿದವು.

ಟಿಣ್!

ಬೆಸೆದ ಅಂಚಿಗೇ ಕೂದಲೆಳೆಯಷ್ಟು ಸೀಳು.

“ಏನ ವೈನಿ, ಹಸೀ ಬಾಣಂತಿ ಮೈಮ್ಯಾಲ ತಣ್ಣೀರು ಹಾಕತಾರೇನ?”

ನನಗೆ ಅಳುವೇ ಬಂತು. “ಮಿಸ್ತ್ರಿ ಹೇಳಿದ್ದ ಖರೇ. ಗುಜರಿಗೆ ಕೊಟ್ಟಬಿಡೂಣು.”

“ಗುಜರಿಗೆ ಕೊಡಾಕ ಅಣ್ಣ ನಿನಗ ಓಡಸೂದು ಕಲಿಸಿದ್ನೇನ? ಕಣ್ಣ ಒರಸ್ಕೋ. ಬೂದಿ ಜರಡಿ ಹಿಡಿ!”

ಸೀಳನ್ನು ಉಜ್ಜಿ ತೆಗೆದಳು. ಮತ್ತೆ ಕಾಯಿಸಿದಳು, ಮತ್ತೆ ಬೆಸೆದಳು. ಈ ಸಲ ಬೂದಿಯ ಮೇಲೆ ಗೋಣಿಚೀಲ, ಕಿಟಕಿಗೆ ಕೌದಿ. ಬಾಗಿಲಿಗೆ ಬಂದ ಗಿರಾಕಿಗಳಿಗೆಲ್ಲ ಒಂದೇ ಉತ್ತರ: “ಒಳಗ ಬಾಣಂತಿ ಅದಾಳ್ರಿ, ನಾಳಿ ಬರ್ರಿ.” ಎದುರು ಮನೆಯಾಕೆ ಪಾಪ, ಅಂಟಿನುಂಡೆ ಮಾಡಿ ತಂದುಕೊಟ್ಟಳು! ಬಾಣಂತಿ ತಿನ್ನಲಿಲ್ಲ. ನಾವಿಬ್ಬರೂ ತಿಂದೆವು.

ಖಾನಾಪುರಕ್ಕೆ ತಂದ ಮೇಲೆ ಮಿಸ್ತ್ರಿಯೇ ಅದನ್ನು ಮತ್ತೆ ಟ್ರ್ಯಾಕ್ಟರಿಗೆ ಜೋಡಿಸಿದ, ನಾದಿನಿ ಬ್ರ್ಯಾಕೆಟ್ಟಿಗೆ ಮೆಟ್ಟಿಲು ಬಿಗಿದಳು. ಅವನು ಸುತ್ತಿಗೆಯಿಂದ ಬಡಿದ, ಕಿವಿಗೊಟ್ಟು ಕೇಳಿದ, ಬೆರಳಾಡಿಸಿ ಸೀಳು ಹುಡುಕಿದ. ಕೊನೆಗೆ, “ಹಿಡದೈತಲ್ರಿ!” ಎಂದು ನನ್ನತ್ತ ತಿರುಗಿದ. “ಆದ್ರ ಇವರು ಹತ್ತತಾರೇನ?”

ಅವತ್ತು ನಾನು ‘ಹೂಂ’ ಕೂಡ ಅನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಮೆಟ್ಟಿಲ ಮೇಲೆ ಕಾಲಿಟ್ಟೆ. ಸರಿಯಾಗಿ ನಾಲ್ಕು ಇಟ್ಟಿಗೆಯ ಎತ್ತರ. ಸೀರೆ ಸರಿಯಲಿಲ್ಲ. ಇಷ್ಟು ವರ್ಷದ ರೂಢಿ ನೋಡಿ, ನನ್ನ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಅವರ ಕೈ ಹುಡುಕಿತು.

ಒಂದು ಪೈಪು ಸಿಕ್ಕಿತು. ಎರಡನೆಯ ಬ್ರ್ಯಾಕೆಟ್ಟಿನಿಂದ ಎದ್ದು ನಿಂತಿತ್ತು, ಮೆಟ್ಟಿಲನ್ನೇ ನೋಡುತ್ತಿದ್ದ ನಾನು ಗಮನಿಸಿರಲಿಲ್ಲ. ತುದಿಗೆ ನಿಮ್ಮ ಅಜ್ಜನ ರುಮಾಲಿನ ತುಂಡು ಸುತ್ತಿತ್ತು.

“ಅಣ್ಣನ ಕೈ ಇರತಿದ್ದ ಎತ್ತರಕ್ಕ ಇಟ್ಟೇನಿ,” ಎಂದಳು ನಾದಿನಿ, ಕಣ್ಣಿನ ಮೇಲೆ ಮುಖವಾಡ ಇಳಿಸಿಕೊಂಡು. ಅಲ್ಲಿ ವೆಲ್ಡಿಂಗ್ ಏನೂ ನಡೆದಿರಲಿಲ್ಲ. “ಗಟ್ಟಿ ಹಿಡಿ ವೈನಿ. ಹತ್ತು.”

ಹತ್ತಿದೆ.