ಬೇವಿನ ಮರದ ಮೇಲೆ ನನ್ನ ಹೆಡ್‌ಲೈಟು

ಕಾರಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಹೊಸ ಸಾಮಾನೊಂದನ್ನು ತಂದು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವವರ ಪೈಕಿ ನಾನೂ ಒಬ್ಬ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಈ ನಂಬಿಕೆಗೆ ನನ್ನ ಬಳಿ ಕಾರಣಗಳಿಗೂ ಕೊರತೆಯಿಲ್ಲ. ವರ್ಷ ವರ್ಷವೂ ಕನ್ನಡಿ, ಟಾರ್ಚು ಹಿಡಿದು ಬೆಳಕಿನ ಪಾಠ ಮಾಡುವ ಮನುಷ್ಯ ತನ್ನ ಕಾರಿನ ಬಲ್ಬಿನ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದು ಹೇಗೆ? ಸ್ಟಾಫ್ ರೂಮಿನಲ್ಲಿ ಯಾರಾದರೂ ಗಾಡಿಯ ಮಾತೆತ್ತಿದರೆ ಸಾಕು, ಅವರ ಚಹಾ ಆರಿ ಹೋಗುವವರೆಗೆ ವ್ಯಾಟು, ಲೂಮೆನ್ನು ಅಂತ ಕೊರೆಯುತ್ತೇನೆ. ಅವರು ಒಪ್ಪಲಿ ಬಿಡಲಿ, ಗಂಟೆ ಹೊಡೆಯುವವರೆಗೆ ಏಳಲಂತೂ ಬಿಡುವುದಿಲ್ಲ.

ನಾವಿರುವುದು ಆಳಂದದಲ್ಲಿ. ಹೆಂಡತಿ ಮಹಾದೇವಿಯ ತವರು ಮಾದನಹಿಪ್ಪರಗಾ. ಹದಿನೈದು ದಿನಕ್ಕೊಮ್ಮೆ ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ, ಊಟ ಮಾಡಿ, ಹರಟೆ ಹೊಡೆದು ಸಂಜೆ ವಾಪಸಾಗುವುದು ನಮ್ಮ ವಾಡಿಕೆ. ಮಗಳ ಗಾಡಿಯನ್ನು ಖಾಲಿ ಡಿಕ್ಕಿಯೊಂದಿಗೆ ಕಳಿಸಿದರೆ ಆ ಮನೆಯವರಿಗೆ ಮರ್ಯಾದೆ ಹೋದಂತೆ. ಒಂದು ಚೀಲ ಜೋಳ, ಅರ್ಧ ಚೀಲ ತೊಗರಿ, ಮೇಲೊಂದು ಕಡಲೆ ಗಿಡದ ಕಟ್ಟು ಬೀಳಲೇಬೇಕು. ನಾನು ಸಾಕು ಸಾಕು ಎಂದರೆ ನನ್ನ ಭಾವಮೈದುನ “ತಡೀತದ ಬಿಡ್ರಿ ಮಾವ” ಎನ್ನುತ್ತ ಇನ್ನೊಂದು ಚೀಲ ಎತ್ತಿಕೊಂಡು ಬರುತ್ತಾನೆ. ಚಳಿಗಾಲದಲ್ಲಿ ಇದೆಲ್ಲ ಮುಗಿದು ಹೊರಡುವ ಹೊತ್ತಿಗೆ ಮಬ್ಬು ಕವಿದಿರುತ್ತದೆ.

ಆ ಮಬ್ಬಿನಲ್ಲೇ ನನ್ನ ತಾಪತ್ರಯ ಶುರುವಾದದ್ದು. ಎದುರಿನ ರಸ್ತೆ ನೆಟ್ಟಗೆ ಕಾಣುತ್ತಿರಲಿಲ್ಲ. ತಗ್ಗುಗಳು ಚಕ್ರ ಇಳಿದ ಮೇಲೆ ಗೊತ್ತಾಗುತ್ತಿದ್ದವು. ಒಮ್ಮೆಯಂತೂ ನಮ್ಮ ಮುಂದಿದ್ದ, ಹಿಂಬದಿಗೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರೇಲರ್ ತೀರ ಹತ್ತಿರ ಬಂದ ಮೇಲೆ ಕಂಡು, ಬ್ರೇಕ್ ಹಾಕಿದ ರಭಸಕ್ಕೆ ಕಡಲೆ ಗಿಡದ ಕಟ್ಟು ಮುಂದಿನ ಸೀಟಿಗೆ ಬಂತು. ಮಹಾದೇವಿ ತಲೆಯ ಮೇಲಿನ ಎಲೆಗಳನ್ನು ತೆಗೆಯುತ್ತ ನಿಧಾನವಾಗಿ ಹೇಳಿದಳು: “ನೋಡ್ರಿ, ಈ ಲೈಟಿನ ತಕರಾರು ನೀವು ಬಗೆಹರಿಸಿಕೊಳ್ರಿ. ಇಲ್ಲಾಂದ್ರ ಕತ್ತಲಾದ ಮ್ಯಾಲ ಗಾಡಿ ನಾ ನಡಸ್ತೇನಿ.”

ಅವಳು ಬರೀ ಮಾತಿಗೆ ಹೇಳುವವಳಲ್ಲ. ಆ ವರ್ಷವಷ್ಟೇ ಡ್ರೈವಿಂಗ್ ಕ್ಲಾಸಿಗೆ ಹೋಗಿ, ಒಂದೇ ಸಲಕ್ಕೆ ಪಾಸಾಗಿ ಲೈಸೆನ್ಸ್ ತಂದಿದ್ದಳು. ನನಗೆ ನಿಜವಾಗಿಯೂ ಭಯವಾಯಿತು. ನಮ್ಮ ಸಂಸಾರದಲ್ಲಿ ಅಡುಗೆ, ಮಕ್ಕಳ ಓದು, ಯಾರ ಮದುವೆಗೆ ಯಾವ ಸೀರೆ ಕೊಡಬೇಕು ಎಂಬುದರವರೆಗೆ ಕೊನೆಯ ಮಾತು ಅವಳದ್ದೇ. ನನ್ನದು ಎಂದು ಉಳಿದಿದ್ದು ಸ್ಟೇರಿಂಗ್ ಒಂದೇ. ಹಿಂದೆ ನನ್ನ ಬಳಿ ಒಂದು ಸ್ಕೂಟರ್ ಇತ್ತು. ಅದರ ದೀಪ ಎಕ್ಸಲರೇಟರ್ ತಿರುವಿದಷ್ಟೇ ಬೆಳಗುತ್ತಿತ್ತು. ತಗ್ಗು ಕಾಣಬೇಕಾದರೆ ಜೋರಾಗಿ ಹೋಗಬೇಕು, ಜೋರಾಗಿ ಹೋದರೆ ಕಂಡ ತಗ್ಗನ್ನು ತಪ್ಪಿಸುವಂತಿಲ್ಲ. ಅದರ ಮೇಲೂ ಅವಳು ಎರಡು ಮಾತಾಡದೆ ನನ್ನ ಹಿಂದೆ ಕೂತವಳು. ಈಗ ಕಾರಿನಲ್ಲಿ ಕೂಡಲು ಷರತ್ತು ಹಾಕುತ್ತಿದ್ದಳು.

ಮಾರನೆಯ ದಿನವೇ ಖಾಜಾ ಮೇಸ್ತ್ರಿಯ ಹತ್ತಿರ ಹೋದೆ. ಆಳಂದದಲ್ಲಿ ಗಾಡಿಗಳ ವೈರಿಂಗ್ ಕೆಲಸಕ್ಕೆ ಅವನದ್ದು ಒಳ್ಳೆಯ ಕೈ. “ಕಂಪನಿ ಬಲ್ಬಿನ್ಯಾಗ ಜೀವ ಇರಂಗಿಲ್ರಿ ಸರ್, ಹೆಚ್ಚಿನ ವ್ಯಾಟಿಂದು ಹಾಕೋಣು” ಎಂದ. ಹಾಕಿದೆವು. ಮುಂದಿನ ಸಲ ಹೋದಾಗ ದಾರಿಯುದ್ದಕ್ಕೂ ವೈರು ಕಾದ ವಾಸನೆ ಬಂತು, ರಸ್ತೆ ಮಾತ್ರ ಕಾಣಲಿಲ್ಲ. ಆಮೇಲೆ ಹಾಲಿನಂಥ ಬಿಳಿ ಎಲ್‌ಇಡಿ ಹಾಕಿಸಿದೆ. ಆ ಸಂಜೆ ತುಸು ಮಂಜಿತ್ತು, ಬೆಳಕೆಲ್ಲ ಅದಕ್ಕೆ ತಾಗಿ ನನ್ನ ಕಣ್ಣಿಗೇ ವಾಪಸು ಬಂತು. ಇದು ಪ್ರತಿಫಲನ ಎಂದು ಮಹಾದೇವಿಗೆ ವಿವರಿಸಲು ಹೊರಟೆ, ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಹಾಗಾಗಿ ಕೆಳಗಿನ ಫಾಗ್ ಲೈಟಿಗೆ ಹಳದಿ ಬಲ್ಬು ಬಂತು. ಪ್ರತಿ ಸಲವೂ ಖಾಜಾ ತನ್ನ ಅಂಗಡಿಯ ಎದುರಿನ ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಕು ಆ ಗೆರೆಗೆ ಸರಿಯಾಗಿ ಕೂಡುವವರೆಗೆ ಸ್ಕ್ರೂ ತಿರುವಿ, “ಬರೋಬ್ಬರಿ ಬಂತ್ರಿ” ಎನ್ನುತ್ತಿದ್ದ. ನಾನು ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸುತ್ತಿದ್ದೆ. ಗೋಡೆಯ ಮೇಲೆ ನಿಜಕ್ಕೂ ಬರೋಬ್ಬರಿಯೇ ಇರುತ್ತಿತ್ತು.

ಎಲ್ಲ ಬಲ್ಬೂ ಹೊಸವಾದ ಮೇಲಿನ ಶನಿವಾರ ಮಾದನಹಿಪ್ಪರಗಾ ದಾಟಿ ಸ್ವಲ್ಪ ದೂರ ಬಂದಿದ್ದೆವು. ರಸ್ತೆಬದಿಯ ಬೇವಿನ ಮರಗಳ ಎಲೆ ಎಲೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಕೊಂಬೆಯ ಮೇಲೆ ಮಲಗಲು ಸಿದ್ಧವಾಗಿದ್ದ ಕಾಗೆಗಳು ಎದ್ದು ಕೂಗಿದವು. ಎದುರು ಬರುತ್ತಿದ್ದ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನೂ ನಿಲ್ಲಿಸಿದ. ಬೈಯುತ್ತಾನೆ ಎಂದುಕೊಂಡೆ. ಅವನು ಸಮಾಧಾನದಿಂದಲೇ ಕೇಳಿದ: “ಸರ್, ನಿಮ್ಮ ಬೆಳಕಿನ್ಯಾಗ ನಮಗಂತೂ ರಸ್ತಾ ಕಾಣವಲ್ದು. ನಿಮಗರ ಕಾಣ್ತದೇನ್ರಿ?”

“ಕಾಣ್ತದ” ಎಂದೆ. ಇಲ್ಲ ಎನ್ನುವ ಧೈರ್ಯ ಬರಲಿಲ್ಲ.

ಅವನು ಹೋದ ಮೇಲೆ ಮಹಾದೇವಿ ಕೆಳಗಿಳಿದಳು. ದೀಪ ನೋಡಿದಳು, ಬೇವಿನ ಮರ ನೋಡಿದಳು, ಹಿಂದೆ ಹೋಗಿ ಚಕ್ರ ನೋಡಿದಳು. ನನ್ನ ಕಿಟಕಿಯ ಹತ್ತಿರ ಬಂದು, “ಖಾಜಾ ಖಾಲಿ ಗಾಡಿ ನಿಲ್ಲಿಸಿ ಲೈಟ್ ಕೂಡಸ್ತಾನ. ನಾವು ಖಾಲಿ ಗಾಡಿ ಯಾವಾಗರ ತಂದೇವೇನ್ರಿ? ಚೀಲದ ಭಾರಕ್ಕ ಗಾಡಿ ಹಿಂದ ಕುಂತು ಅದರ ಮಾರಿ ಮ್ಯಾಲಾಗ್ಯದ” ಎಂದಳು. ಆಮೇಲೆ ಕೈ ಒಳಗೆ ಹಾಕಿ, ಸ್ಟೇರಿಂಗಿನ ಬಲಕ್ಕಿದ್ದ ಸೊನ್ನೆಯಿಂದ ಮೂರರವರೆಗೆ ಅಂಕಿ ಬರೆದ ಪುಟ್ಟ ಗಾಲಿಯನ್ನು ಮೂರಕ್ಕೆ ತಿರುಗಿಸಿದಳು. ಬೆಳಕು ಮರದಿಂದ ಇಳಿದು ರಸ್ತೆಯ ಮೇಲೆ ಬಂತು. ತಗ್ಗು, ಕಲ್ಲು, ಬಿದ್ದ ಕಬ್ಬಿನ ಗಳ ಎಲ್ಲ ಸಾಫಾಗಿ ಕಂಡವು.

“ಇದೇನಂತ ತಿಳಕೊಂಡಿದ್ರಿ ಇಷ್ಟು ದಿನ?”

“ಎ.ಸಿ. ಗಾಲಿ ಏನೋ ಅಂತ.”

“ಕ್ಲಾಸಿನ್ಯಾಗ ಮೊದಲನೇ ದಿನಾನೇ ಹೇಳ್ಯಾರ್ರಿ. ಇಳೀರಿ, ಆ ಕಡಿ ಕೂಡ್ರಿ.”

“ಈಗ ಲೈಟ್ ಸರಿ ಆತಲ್ಲ.”

“ಆತು. ಸರಿ ಮಾಡ್ದವ್ರು ಯಾರು?”

ನಾನು ಆ ಕಡೆ ಹೋಗಿ ಕೂತೆ. ಅವಳು ನನಗಿಂತ ಚೆನ್ನಾಗಿ ಗಾಡಿ ನಡೆಸುತ್ತಾಳೆ ಎಂಬುದು ಆಳಂದ ಮುಟ್ಟುವಷ್ಟರಲ್ಲಿ ಗೊತ್ತಾಗಿ ಇನ್ನಷ್ಟು ಬೇಜಾರಾಯಿತು.

ಸೋಮವಾರ ಖಾಜಾ ದಾರಿಯಲ್ಲಿ ಸಿಕ್ಕು, “ಹ್ಯಾಂಗದ ಸರ್ ಲೈಟು?” ಎಂದು ಕೇಳಿದ. ನಡೆದದ್ದನ್ನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. “ಹೊಸ ಬಲ್ಬು ಒಂದು ಹದಿನೈದು ದಿನ ಉರಿದು ಪಳಗಬೇಕು ನೋಡು ಖಾಜಾ. ಆಮ್ಯಾಲ ಬೆಳಕು ತಾನೇ ಕೆಳಗ ಇಳೀತದ” ಎಂದೆ. ಅವನು ನಂಬಿದ. ಬೆಳಕಿನ ಪಾಠ ಮಾಡುವ ಮಾಸ್ತರ ಮಾತನ್ನು ಅವನು ಯಾಕೆ ನಂಬಬಾರದು?

ಕೆಲವು ತಿಂಗಳ ಮೇಲೆ ಅಫಜಲಪುರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಜೇವರ್ಗಿಯ ಕಡೆಯ, ಪರಿಚಯವಿಲ್ಲದ ನೆಂಟರೊಬ್ಬರು ಕೂತಿದ್ದರು. ಅವರೂ ಕಾರಿಗೆ ಹೊಸ ಬಲ್ಬು ಹಾಕಿಸಿದ್ದರಂತೆ, ಬೆಳಕು ಮೇಲೆ ಹೋಗುತ್ತದಂತೆ. “ಫಿಕರ್ ಇಲ್ರಿ, ಹದಿನೈದು ದಿನ ಪಳಗಬೇಕು. ಆಳಂದದಾಗ ಯಾರೋ ದೊಡ್ಡ ಸೈನ್ಸ್ ಮಾಸ್ತರು ಹೇಳ್ಯಾರಂತ” ಎಂದರು. ನನ್ನ ಇನ್ನೊಂದು ಬದಿಯಲ್ಲಿದ್ದ ಮಹಾದೇವಿ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಸಂಜೆ ಅವಳೇ ಗಾಡಿ ನಡೆಸಬೇಕಿತ್ತು, ನಾನು ಪಕ್ಕದಲ್ಲಿ ಕೂತು ಅಷ್ಟು ದೂರ ಹೋಗಬೇಕಿತ್ತು.

“ಹಂಗೇನಿಲ್ರಿ, ಬಲ್ಬು ಪಳಗಂಗಿಲ್ಲ. ಸ್ಟೇರಿಂಗ್ ಬಾಜೂಕ ಒಂದು ಸಣ್ಣ ಗಾಲಿ ಇರ್ತದ ನೋಡ್ರಿ, ಅದನ್ನ ತಿರುಗಿಸಬೇಕು” ಎಂದು ಕೊನೆಗೂ ಒಪ್ಪಿಕೊಂಡೆ.

ಅವರು ಹೋಳಿಗೆ ಮುರಿಯುತ್ತ ನಕ್ಕರು. “ಬಿಡ್ರಿ ಯಜಮಾನ್ರ, ನಿಮಗ ತಿಳಿಯಂಗಿಲ್ಲ. ಅದು ಸೈನ್ಸಿನ ವಿಷಯ.”