ಮುಲುಂಡಿನ ಆಕಾಶಕ್ಕೊಂದು ಮೀನಿನ ಬಲೆ

ಗುರುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮಾವನ ಮೊಬೈಲಿನಿಂದ ಒಂದು ಹಡಗು ಮಾಯವಾಯಿತು. ಐದು ಹೊಡೆಯುವುದರೊಳಗೆ ಮಾವ ಸ್ವತಃ ನಮ್ಮ ಏಳು ಮಹಡಿಯ ಬಿಲ್ಡಿಂಗಿನ ಹೊರಗೆ, ಒಂದು ಮೀನಿನ ಬಲೆಯೊಳಗೆ ನೇತಾಡುತ್ತಿದ್ದರು. ಬಲೆಯ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಇದನ್ನು ಬರೆಯುವಾಗಲೂ ಅಂಗೈ ಉರಿಯುತ್ತದೆ. ನಗಬೇಡಿ. ಸರಿ, ನಗಿ, ಮಾವನ ವಿಷಯ ಹೇಳಲು ಕೂತು ನಗಬೇಡಿ ಎನ್ನುವುದು ಅನ್ಯಾಯ.

ಸ್ವಂತ ವಾಯುರಕ್ಷಣಾ ವ್ಯವಸ್ಥೆ ಇರುವ ಹೌಸಿಂಗ್ ಸೊಸೈಟಿ ಈ ದೇಶದಲ್ಲಿ ಬಹುಶಃ ಒಂದೇ ಒಂದು. ಅದು ಮುಲುಂಡಿನ ನಮ್ಮ ಸೊಸೈಟಿ. ಅದರ ಸೇನಾಪತಿ ನನ್ನ ತಾಯಿಯ ತಮ್ಮ. ಉಡುಪಿ ಕಡೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು, ವಡಾಲದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ತಲೆಕೂದಲು ಬೆಳ್ಳಗೆ ಮಾಡಿಕೊಂಡವರು. ನಿವೃತ್ತರಾದ ಮೇಲೆ ಗಂಡಸರು ಏನು ಮಾಡುತ್ತಾರೆ? ಭಜನೆಗೆ ಹೋಗುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ನಮ್ಮ ಮಾವ ಡ್ರೋನ್ ಹಿಡಿದುಕೊಂಡರು. ಮದುವೆಯಲ್ಲಿ ಫೋಟೋ ತೆಗೆಯುವ ಡ್ರೋನ್ ಅಲ್ಲ, ಯುದ್ಧದ್ದು! ಯಾವ ದೇಶ ಯಾವುದನ್ನು ಮಾಡುತ್ತದೆ, ಯಾರು ಯಾರಿಗೆ ಮಾರುತ್ತಾರೆ, ಯಾವುದು ಎಷ್ಟು ದೂರ ಹಾರುತ್ತದೆ, ಎಲ್ಲ ಬಾಯಿಪಾಠ. ಹೆಂಡತಿಯ ರಕ್ತದ ಗುಂಪು ಕೇಳಿ ನೋಡಿ, ಗೊತ್ತಿಲ್ಲ.

ಈ ಹುಚ್ಚಿಗೆ ಕಾರಣವಿತ್ತು. ಮಾವನ ಒಬ್ಬನೇ ಮಗ ಸರಕು ಹಡಗಿನಲ್ಲಿ ಇಂಜಿನಿಯರ್. ಅವನ ಹಡಗು ಡ್ರೋನ್‌ಗಳು ಬಂದು ಬೀಳುವ ಒಂದು ಸಮುದ್ರವನ್ನು ದಾಟಬೇಕಾಗಿತ್ತು. ಸೈನಿಕರೂ ಇಲ್ಲದ, ಕಂಟೇನರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯೋ ಟೈಲ್ಸೋ ತುಂಬಿಕೊಂಡು ಹೋಗುವ ಹಡಗುಗಳ ಮೇಲೂ ಅವು ಬೀಳುತ್ತವೆ. ಮಗ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದ: "ಅಪ್ಪ, ಆ ಜಾಗದಲ್ಲಿ ನಾವು ಹಡಗಿನ ಗುರುತು ತೋರಿಸುವ ಸಿಗ್ನಲ್ ಆಫ್ ಮಾಡಿಯೇ ಹೋಗುದು. ನಿಮ್ಮ ಆ ಹಡಗು ನೋಡುವ ಆ್ಯಪಲ್ಲಿ ಕಾಣುದಿಲ್ಲ. ಹೆದರ್ಬೇಡಿ. ಅಮ್ಮನಿಗೆ ಮಾತ್ರ ಹೇಳ್ಬೇಡಿ, ಅವಳಿಗೆ ನಿದ್ದೆ ಬರುದಿಲ್ಲ."

ಹೇಳಲಿಲ್ಲ. ಗೋಡೆಯಾಚೆಯ ಫ್ಲ್ಯಾಟಿನಲ್ಲಿರುವ ನನಗೆ ಮಾತ್ರ ಹೇಳಿದರು. ಅತ್ತೆಯ ಲೆಕ್ಕದಲ್ಲಿ ಹಡಗು ಸಿಂಗಾಪುರದ ಕಡೆ ಸುಖವಾಗಿತ್ತು. ಹೆಂಡತಿಯ ಮುಂದೆ ಹೆದರುವ ಹಾಗಿಲ್ಲ, ಹೆದರದೆ ಇರಲು ಆಗುವುದಿಲ್ಲ. ಆಗ ಮನುಷ್ಯ ಏನು ಮಾಡಬೇಕು? ತಜ್ಞನಾಗಬೇಕು! ಹೆದರಿದವನು ಟಿವಿ ನೋಡಿದರೆ ಹೆಂಡತಿಗೆ ಸಂಶಯ ಬರುತ್ತದೆ. ತಜ್ಞ ಎಷ್ಟು ಹೊತ್ತು ನೋಡಿದರೂ ಬರೀ ಬೈಗುಳ ಸಿಗುತ್ತದೆ.

ಮಾವನ ಪಾಠ ಕೇಳದವರು ನಮ್ಮ ಬಿಲ್ಡಿಂಗಿನಲ್ಲಿ ಇಲ್ಲ. ಲಿಫ್ಟಿನಲ್ಲಿ ಸಿಕ್ಕಿದವರು ಇಳಿಯುವಂತಿಲ್ಲ. ಜಗತ್ತಿನ ಇಡೀ ಡ್ರೋನ್ ಮಾರುಕಟ್ಟೆಯನ್ನು ಅವರು ಹೋಟೆಲಿನ ಭಾಷೆಗೆ ಇಳಿಸಿದ್ದರು.

"ನೋಡು ಮಾರಾಯ್ತಿ, ಅಮೆರಿಕದ ದೊಡ್ಡ ಡ್ರೋನ್ ಉಂಟಲ್ಲ, ಅದು ಫೈವ್ ಸ್ಟಾರ್. ಮೆನು ನೋಡಿಯೇ ಹೊಟ್ಟೆ ತುಂಬ್ತದೆ. ಇಸ್ರೇಲಿನದ್ದು ಹಳೇ ಹೋಟೆಲು, ಗಿರಾಕಿ ಖಾಯಂ. ತುರ್ಕಿಯವರದ್ದು ನಮ್ಮ ರೈಸ್ ಪ್ಲೇಟ್. ರೇಟು ಹದ, ಹೊಟ್ಟೆಗೂ ಸಾಕು, ಹಾಗಾಗಿ ಚಿಕ್ಕ ಚಿಕ್ಕ ದೇಶದವರೆಲ್ಲ ಕ್ಯೂ."

"ಮತ್ತೆ ಆ ತ್ರಿಕೋನದ ಹಾಗಿರುವುದು? ಹೋಗಿ ಬಡಿದು ತಾನೂ ಸಾಯುವುದು?"

ಮಾವನ ಮುಖ ಒಂದು ಕ್ಷಣ ಸಣ್ಣಗಾಗುತ್ತಿತ್ತು. ಮಗನ ಸಮುದ್ರದಲ್ಲಿ ಬರುವುದು ಅದೇ ಜಾತಿಯದ್ದು. "ಅದು ವಡಾಪಾವ್ ಗಾಡಿ," ಎನ್ನುತ್ತಿದ್ದರು. "ಚೀಪು. ಮೊಪೆಡ್ಡಿನ ಹಾಗೆ ಸದ್ದು ಮಾಡಿಕೊಂಡು ಬರ್ತದೆ. ಒಂದನ್ನು ಹೊಡೀಲಿಕ್ಕೆ ಇವರು ಬಿಡುವ ಕ್ಷಿಪಣಿಯ ರೇಟಿನಲ್ಲಿ ಅಂಥದ್ದು ರಾಶಿ ಬರ್ತದೆ. ಬೆಳ್ಳಿ ಬಟ್ಟಲಲ್ಲಿ ನೊಣ ಹೊಡೆದ ಹಾಗೆ. ಯಾರಿಗೆ ಲಾಸು ಹೇಳು?"

ಲಿಫ್ಟಿನಲ್ಲಿದ್ದ ಗುಜರಾತಿ ಹೆಂಗಸು ಪಾಪ, ವಡಾಪಾವ್ ತಿನ್ನುವುದನ್ನೇ ಬಿಟ್ಟರಂತೆ.

ಹೀಗಿರುವಾಗ ಒಂದು ದಿನ ಮಾವ ಪೇಪರು ಹಿಡಿದುಕೊಂಡು ನಮ್ಮ ಮನೆಗೆ ನುಗ್ಗಿದರು. ಕಣ್ಣು ಹೊಳೆಯುತ್ತಿತ್ತು. ಉಕ್ರೇನಿನಲ್ಲಿ ರಸ್ತೆಗಳ ಮೇಲೆ ಚಪ್ಪರದ ಹಾಗೆ ಮೀನಿನ ಬಲೆ ಕಟ್ಟಿದ್ದಾರೆ, ಡ್ರೋನ್ ಬಂದು ಅದರಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಸುದ್ದಿ.

"ಬಲೆ, ಮಾರಾಯ್ತಿ! ನಮ್ಮ ಬಲೆ! ಇಷ್ಟೆಲ್ಲ ಸಾಯನ್ಸು, ರಾಡಾರು, ಜಾಮರು, ಕೊನೆಗೆ ಬೇಕಾದ್ದು ನನ್ನ ಅಪ್ಪನ ಬಲೆ!"

ಮುಂದಿನ ಆದಿತ್ಯವಾರ ಟೆಂಪೋದಲ್ಲಿ ಬಲೆ ಬಂತು. ಮೀನಿನ ದೋಣಿ ನಿಲ್ಲುವ ಧಕ್ಕೆಯ ಗೆಳೆಯರೊಬ್ಬರು ಕೊಟ್ಟ ಹಳೆಯ ಹಸಿರು ನೈಲಾನ್ ಬಲೆ, ಅಂಚಿಗೆ ಹೆಬ್ಬೆರಳು ದಪ್ಪದ ಹಗ್ಗ. ಬಿಲ್ಡಿಂಗಿಗೆ ಬಿಲ್ಡಿಂಗೇ ಮೂಗು ಮುಚ್ಚಿಕೊಂಡಿತು. ಅತ್ತೆ ಅಡುಗೆಮನೆಯ ಬಾಗಿಲಿನಿಂದ ಒಮ್ಮೆ ನೋಡಿ, "ಇನ್ನು ಇದೊಂದು ಬಾಕಿ ಇತ್ತು," ಎಂದು ಒಳಗೆ ಹೋದರು. ಅವರೂ ಸಮುದ್ರದ ದಂಡೆಯ ಮನೆಯವರೇ, ಚಿಕ್ಕಂದಿನಲ್ಲಿ ಬಲೆ ಹೊಲಿದವರೇ. ಆದರೆ ಎಡಚಿ. "ಇವಳಪ್ಪ ಇವಳನ್ನು ಬಲೆ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ," ಎಂದು ಮಾವ ನಗುತ್ತಿದ್ದರು. "ಇವಳು ಹಾಕಿದ ಗಂಟು ಉಲ್ಟಾ. ಬಿಚ್ಚಬೇಕಾದರೆ ಕನ್ನಡಿಯಲ್ಲಿ ನೋಡ್ಬೇಕು!"

ಸೊಸೈಟಿಯ ಸೆಕ್ರೆಟರಿ ಮರಾಠಿಗರು, ಸಜ್ಜನರು. ಡ್ರೋನ್ ಗೀನ್ ಇದರಲ್ಲಿ ಸಿಗುವುದಿಲ್ಲ ಎಂದು ನಕ್ಕರೂ, ಪಾರಿವಾಳದ ಕಾಟ ತಪ್ಪುತ್ತದೆ ಎಂದು ಮಾವ ಹೇಳಿದ್ದನ್ನು ನಂಬಿ ಅನುಮತಿ ಕೊಟ್ಟರು. ಟೆರೇಸಿನ ನೀರಿನ ಟ್ಯಾಂಕಿನ ಪೈಪಿಗೆ ಹಗ್ಗ ಕಟ್ಟಿದ್ದಾಯಿತು, ಅಲ್ಲಿಂದ ಅಂಚಿನ ಕಟ್ಟೆಯಾಚೆಗೆ ಬಾಗಿದ ಕಬ್ಬಿಣದ ಕಂಬಗಳವರೆಗೆ ಬಲೆ ಹರಡಿತು. ಅದರ ಕೆಳಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ, ಮೊಬೈಲಿನಲ್ಲಿ ಮಗನ ಹಡಗಿನ ಪುಟ್ಟ ಹಸಿರು ಬಾಣವನ್ನು ನೋಡುತ್ತಾ ಮಾವ ಸಂಜೆ ಕಳೆಯುತ್ತಿದ್ದರು. ಕೇಳಬಾರದೆಂದುಕೊಂಡರೂ ಒಮ್ಮೆ ಕೇಳಿಬಿಟ್ಟೆ: "ಮಾವ, ಹಡಗಿರುವುದು ಅಲ್ಲಿ. ಬಲೆ ಕಟ್ಟಿದ್ದು ಇಲ್ಲಿ. ಏನು ಪ್ರಯೋಜನ?"

"ಅಲ್ಲಿಗೆ ನನ್ನ ಕೈ ಎಟಕುದಿಲ್ಲ ಅಲ್ವಾ," ಎಂದರು. ತಮಾಷೆ ಎಂದುಕೊಂಡು ನಾನು ನಕ್ಕೆ.

ಆ ಗುರುವಾರ ನನಗೆ ಬ್ಯಾಂಕಿಗೆ ರಜೆ. ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋಗಿದ್ದೆ. ಮಾವ ಸ್ಟೂಲಿನಿಂದ ಎದ್ದು ನಿಂತಿದ್ದರು. "ಹೋಯ್ತು," ಎಂದರು.

ನೋಡಿದೆ. ಪರದೆಯ ಮೇಲೆ ನೀಲಿ ಸಮುದ್ರವಿತ್ತು, ಬಾಣವಿರಲಿಲ್ಲ.

"ಆಫ್ ಮಾಡಿಯೇ ಹೋಗ್ತೇವೆ ಎಂದಿದ್ದನಲ್ಲ ಮಾವ?"

"ಆಫ್ ಮಾಡಿದ್ರೂ ಹೀಗೇ ಕಾಣ್ತದೆ. ಬೇರೆ ಏನಾದ್ರೂ ಆದ್ರೂ ಹೀಗೇ ಕಾಣ್ತದೆ."

ಇಬ್ಬರೂ ಬರಿದಾದ ನೀಲಿಯನ್ನು ನೋಡುತ್ತಾ ನಿಂತೆವು. ಆಗಲೇ ಸದ್ದು ಕೇಳಿಸಿದ್ದು. ಜೇನುನೊಣ ಡಬ್ಬಿಯೊಳಗೆ ಸಿಕ್ಕಿಕೊಂಡಂತೆ, ಹತ್ತಿರ, ಇನ್ನೂ ಹತ್ತಿರ. ಪಕ್ಕದಲ್ಲಿ ಏಳುತ್ತಿದ್ದ ಟವರಿನ ಬಿಲ್ಡರ್ ಜಾಹೀರಾತಿಗಾಗಿ ಬಿಟ್ಟ ಕ್ಯಾಮೆರಾ ಡ್ರೋನ್ ಅದು. ಗಾಳಿಗೆ ವಾಲಿತು, ತಿರುಗಿತು, ನೇರ ಬಂದು ಮಾವನ ಬಲೆಯ ತುದಿಗೆ ಬಿತ್ತು!

ಬಲೆ ಕೆಲಸ ಮಾಡಿತ್ತು! ಇಡೀ ಬಿಲ್ಡಿಂಗ್ ನಕ್ಕ ಬಲೆ! ಬೇರೆ ದಿನವಾಗಿದ್ದರೆ ಮಾವ ಪೇಡೆ ಹಂಚುತ್ತಿದ್ದರು. ಅಂದು ಅವರ ಮುಖದಲ್ಲಿ ಕಂಡದ್ದು ಸಂತೋಷವಲ್ಲ. ಅಷ್ಟು ದಿನ ಟಿವಿಯೊಳಗಿದ್ದ ಶತ್ರು ಕೈಗೆಟಕುವಷ್ಟು ಹತ್ತಿರ, ಬಲೆಯಲ್ಲಿ ಪಟಪಟ ಒದ್ದಾಡುತ್ತಿತ್ತು. ಅದೊಂದು ಆಟಿಕೆ ಎಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಆದರೂ ಬಟ್ಟೆ ಒಣಗಿಸುವ ಕೋಲು ಹಿಡಿದು, ಸ್ಟೂಲು ಹತ್ತಿ, ಕಟ್ಟೆಯ ಮೇಲೆ ಎದೆಯಿಟ್ಟು ಬಾಗಿದರು.

"ಮಾವ, ಬೇಡ!"

ಕಂಬ ಬಾಗಿತು. ಸ್ಟೂಲು ಈಚೆ ಬಿತ್ತು. ಮಾವ ಆಚೆ ಹೋದರು.

ಇಲ್ಲಿಂದ ಮುಂದಿನದ್ದನ್ನು ನಾನು ದಿನಕ್ಕೆ ಹಲವು ಸಲ ನೋಡುತ್ತೇನೆ. ಬ್ಯಾಂಕಿನ ಕೌಂಟರಿನಲ್ಲಿ, ಲೋಕಲ್ ಟ್ರೇನಿನಲ್ಲಿ, ಅನ್ನಕ್ಕೆ ಸಾರು ಬಡಿಸಿಕೊಳ್ಳುವಾಗ. ಚಪ್ಪಲಿ ಕಳಚಿದ ಒಂದು ಪಾದ ಕಟ್ಟೆಯ ಮೇಲಿಂದ ಜಾರಿ ಮರೆಯಾದದ್ದು. ಹಗ್ಗ ಬಿರ್ರನೆ ಓಡಿದ್ದು. ನಾನು ಅದನ್ನು ಹಿಡಿದದ್ದು ಯಾವಾಗ ಎಂದು ಮಾತ್ರ ನೆನಪಿಲ್ಲ. ಬಗ್ಗಿ ನೋಡಿದರೆ, ಎರಡು ಆಳಿನಷ್ಟು ಕೆಳಗೆ, ಬಲೆಯಲ್ಲಿ ಸುತ್ತಿಕೊಂಡು ಮಾವ ತೂಗುತ್ತಿದ್ದರು. ಅವರ ಕೆಳಗೆ ಆಟೋ ರಿಕ್ಷಾಗಳು ಬೆಂಕಿಪೊಟ್ಟಣದ ಹಾಗೆ ಕಾಣುತ್ತಿದ್ದವು.

"ಮಾವಾ!"

"ಬೊಬ್ಬೆ ಹಾಕ್ಬೇಡ ಮಾರಾಯ್ತಿ. ನಿನ್ನ ಅತ್ತೆಗೆ ಕೇಳ್ತದೆ."

"ಗಂಟು... ಗಂಟು ನಿಲ್ತದಾ?"

"ಗಂಟು ನೋಡ್ಬೇಡ, ಪೈಪು ನೋಡು. ಗಂಟು ನಾನು ಹಾಕಿದ್ದು. ಪೈಪು ಸೊಸೈಟಿಯದ್ದು!"

ಪೈಪು ನೋಡಿದೆ. ತುಕ್ಕು ಹಿಡಿದ ಪೈಪು ಗೋಡೆಯಿಂದ ನಿಧಾನವಾಗಿ ಮುಂದಕ್ಕೆ ಬರುತ್ತಿತ್ತು.

ಆಗ ಮಾವನ ಅಂಗಿಯ ಜೇಬಿನಲ್ಲಿ ಫೋನು ರಿಂಗಾಯಿತು. ಮಾವ ಕೈ ಎತ್ತಿದರು. "ಅವನದ್ದಿರಬಹುದು."

"ಕೈ ಅಲ್ಲಾಡಿಸಬೇಡಿ! ಆಮೇಲೆ ಮಾಡಿದರಾಯಿತು!"

"ಆಮೇಲೆ ಸಿಗದಿದ್ರೆ?"

ಅಷ್ಟು ಕೇಳಿ, ಸಾವಿನ ಮೇಲೆ ತೂಗುತ್ತಿದ್ದ ಆ ಮನುಷ್ಯ ಎರಡು ಬೆರಳಿನಲ್ಲಿ ಜೇಬು ತಡಕಿದರು. ಬಲೆ ಒಮ್ಮೆ ತಿರುಗಿತು. ಫೋನು ಬಲೆಯ ಕಣ್ಣಿನಿಂದ ತೂರಿ ಕೆಳಗೆ ಹೋಯಿತು, ರಿಂಗಾಗುತ್ತಲೇ. ಆ ಸದ್ದು ಸಣ್ಣಗಾಗುತ್ತಾ ಹೋಗಿ ತಟ್ಟನೆ ನಿಂತಿತು. ಮಾವ ಕಣ್ಣು ಮುಚ್ಚಿಕೊಂಡರು.

ಫೋನು ಬಿದ್ದದ್ದು ವಾಚ್‌ಮನ್‌ನ ಕುರ್ಚಿಯ ಪಕ್ಕದಲ್ಲಿ. ಆತ ವಿಜಯಪುರದವನು. ತಲೆಯೆತ್ತಿ ನೋಡಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದ. "ಯಕ್ಕಾರ, ಬರೇ ಕೈಯಾಗ ಹಿಡೀಬ್ಯಾಡ್ರಿ! ಸೊಂಟಕ್ಕ ಸುತ್ಕೊಂಡು ಕುಂದರ್ರಿ!" ಹಿಂದೆಯೇ ಬನಿಯನ್ನಿನಲ್ಲಿ ಸೆಕ್ರೆಟರಿ. ಕೆಳಗೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು.

"ಅರೇ ಅಣ್ಣಾ! ಯೇ ಕ್ಯಾ ಹೈ?"

"ಡ್ರೋನ್ ಪಕಡಾ, ಸಾಬ್," ಎಂದು ಕೆಳಗಿನಿಂದ ಉತ್ತರ ಬಂತು. "ಆಪ್ ಬೋಲಾ ಥಾ ನಾ, ನಹೀ ಪಕಡೇಗಾ?"

ಮೂವರೂ ಸೇರಿ ಎಳೆದೆವು. ಮಾವ ಕಟ್ಟೆಯ ಈಚೆ ಬಂದು ಬಿದ್ದಾಗ ಡ್ರೋನ್ ಇನ್ನೂ ಅವರ ಬೆನ್ನಿಗೆ ಅಂಟಿಕೊಂಡೇ ಇತ್ತು. ಸಿಂಹದಂಥ ಸೆಕ್ರೆಟರಿ ಗಳಗಳನೆ ಅತ್ತುಬಿಟ್ಟರು. ಅತ್ತು ಮುಗಿಸಿ, ಬಲೆ ಕೂಡಲೇ ತೆಗೆಯಬೇಕೆಂದು ಆಜ್ಞೆ ಮಾಡಿದರು.

ಮಾವನ ಭುಜ ಕಳಚಿತ್ತು. ಡಾಕ್ಟರು ಕೈಯನ್ನು ಕೊರಳಿಗೆ ಕಟ್ಟಿದರು. ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಎಂದು ಅತ್ತೆಗೆ ಹೇಳಿದೆವು. ಇಡೀ ಮುಲುಂಡಿಗೆ ಗೊತ್ತಿದ್ದ ವಿಷಯ! ಅತ್ತೆ ನಂಬಿದರು. ನಂಬಿದರೆಂದು ನಾವು ನಂಬಿದೆವು. "ಚಾಕ್ಕೆ ಕರೀಲಿಕ್ಕೆ ಫೋನ್ ಮಾಡಿದ್ರೆ ಎತ್ಲಿಲ್ಲ ಇವರು," ಎಂದಷ್ಟೇ ದೂರಿದರು. ಒಂದು ಲೋಟ ಚಹಾಕ್ಕಾಗಿ ಮಾವ ಪ್ರಾಣ ಒತ್ತೆಯಿಟ್ಟಿದ್ದರು.

ಹಸಿರು ಬಾಣ ಶುಕ್ರವಾರವೂ ಬರಲಿಲ್ಲ. ಶನಿವಾರವೂ ಇಲ್ಲ. ಈಗ ನನ್ನ ಫೋನಿನಲ್ಲಿ ನೋಡುತ್ತಿದ್ದೆವು. ಮಾವ ಪಾಠ ನಿಲ್ಲಿಸಿದರು. ಲಿಫ್ಟಿನಲ್ಲಿ ಜನ ತಾವಾಗಿಯೇ ಕೇಳಿದರು, "ಅಣ್ಣಾ, ತುರ್ಕಿ ಕ್ಯಾ ಬೋಲ್ತಾ ಹೈ?" ಮಾವ ಸುಮ್ಮನೆ ನಕ್ಕು ಇಳಿದರು. ಗೋಡೆಯಾಚೆ ಅವರ ನಡಿಗೆ ನನಗೆ ಕೇಳಿಸುತ್ತಿತ್ತು, ನನ್ನದು ಅವರಿಗೆ ಕೇಳಿಸುತ್ತಿದ್ದಿರಬೇಕು. ಕಣ್ಣು ಮುಚ್ಚಿದರೆ ನನಗೆ ಪೈಪು ಕಾಣುತ್ತಿತ್ತು. ಅವರಿಗೆ ಏನು ಕಾಣುತ್ತಿತ್ತೋ ನಾನು ಕೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಅತ್ತೆಯ ಫೋನು ರಿಂಗಾಯಿತು. ಅತ್ತೆ ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಫೋನನ್ನು ಮಾವನ ಕಿವಿಗೆ ಹಿಡಿದರು. "ಮಗ. ಮಾತಾಡಿ."

"ಅಪ್ಪ, ದಾಟಿದೆವು," ಎಂದದ್ದು ನನಗೂ ಕೇಳಿಸಿತು.

ಮಾವ ಗೋಡೆಗೆ ಒರಗಿಕೊಂಡರು. ಆದರೂ ನಾಟಕ ಬಿಡಲಿಲ್ಲ. "ಹೌದಾ! ಸಿಂಗಾಪುರದಲ್ಲಿ ಮಳೆಯಾ?" ಎಂದು ದೊಡ್ಡದಾಗಿ ಕೇಳಿ, ಫೋನ್ ಅತ್ತೆಗೆ ಕೊಟ್ಟು, "ಬಲೆ ಬಿಚ್ಚಿ ಬರ್ತೇನೆ, ಸೆಕ್ರೆಟರಿ ಜೀವ ತಿಂತಾನೆ," ಎನ್ನುತ್ತಾ ಹೊರಟರು. ಒಂಟಿ ಕೈಯವರನ್ನು ಬಿಡಲಾದೀತೇ? ನಾನೂ ಹೋದೆ.

ಗುರುವಾರ ಮಾವನನ್ನೂ ಡ್ರೋನನ್ನೂ ಬಿಡಿಸಲು ವಾಚ್‌ಮನ್ ಬಲೆಯನ್ನು ಕತ್ತರಿಸಿ, ಒಬ್ಬ ಮನುಷ್ಯ ತೂರುವಷ್ಟು ದೊಡ್ಡ ತೂತು ಮಾಡಿದ್ದ. ಅದನ್ನು ನಾನೇ ನೋಡಿದ್ದೆ. ಈಗ ತೂತು ಇರಲಿಲ್ಲ. ಹಸಿರು ಬಲೆಯಲ್ಲಿ ಅಷ್ಟಗಲ ಜಾಗವನ್ನು ನೀಲಿ ದಾರದಿಂದ, ಕಣ್ಣಿಗೆ ಕಣ್ಣು ಸೇರಿಸಿ, ಯಾರೋ ಹೊಲಿದಿದ್ದರು.

ಮಾವ ಹತ್ತಿರ ಹೋಗಿ ಒಂದು ಗಂಟನ್ನು ಬೆರಳಿನಿಂದ ಮುಟ್ಟಿದರು. ಮತ್ತೊಂದನ್ನು ಮುಟ್ಟಿದರು.

"ಉಲ್ಟಾ," ಎಂದರು.

ನಮ್ಮ ಲಿಫ್ಟು ಟೆರೇಸಿಗೆ ಬರುವುದಿಲ್ಲ. ಅತ್ತೆಯ ಮೊಣಕಾಲು ದೇವರ ಕೋಣೆಯ ಮಣೆಯ ಮೇಲೂ ಮಡಚುವುದಿಲ್ಲ. ಅವರು ಯಾವಾಗ ಹತ್ತಿದರು, ಎಷ್ಟು ಸಲ ಹತ್ತಿದರು, ಯಾರಿಗೂ ಗೊತ್ತಿಲ್ಲ.

ಬಲೆ ಬಿಚ್ಚಲಿಲ್ಲ. ಕಂಬಗಳನ್ನು ಮಾತ್ರ ಕಟ್ಟೆಯ ಈಚೆಗೆ ಸರಿಸಿ, ಪೈಪು ಬದಲಾಯಿಸಿ, ಪಾರಿವಾಳದ ಹೆಸರಿನಲ್ಲಿ ಸೆಕ್ರೆಟರಿಯವರು ಇನ್ನೊಮ್ಮೆ ಅನುಮತಿ ಕೊಟ್ಟರು. ಅಂದು ಕೆಳಗಿಳಿದು ಬಂದ ಮಾವ ಅತ್ತೆಯನ್ನು ಏನೂ ಕೇಳಲಿಲ್ಲ. ಅತ್ತೆಯೂ ಏನೂ ಹೇಳಲಿಲ್ಲ. ಬಂಗುಡೆ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಇಬ್ಬರೂ ಜಗಳವಾಡಿದರು.

ಬುಧವಾರ ನನಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಬ್ಯಾಂಕಿಗೆ ತಡವಾಗಿತ್ತು. ಓಡುತ್ತಾ ಬಾಗಿಲು ತೆಗೆದರೆ, ಬೆಳಕು ಹರಿಯುವ ಮೊದಲೇ ಒಳಗೆ ಹೋಗಬೇಕಾಗಿದ್ದ ಮಾವನ ಮನೆಯ ಹಾಲಿನ ಚೀಲ ಇನ್ನೂ ಬಾಗಿಲಿನ ಹಿಡಿಕೆಯಲ್ಲೇ ತೂಗುತ್ತಿತ್ತು. ಒಳಗಿನಿಂದ ಟಿವಿಯ ಸದ್ದಿಲ್ಲ, ಕುಕ್ಕರಿನ ಸೀಟಿ ಇಲ್ಲ, ನಡಿಗೆ ಇಲ್ಲ. ಗಾಬರಿಯಾಗಿ ಬಾಗಿಲಿಗೆ ಕಿವಿಯಿಟ್ಟೆ.

ಎರಡು ಗೊರಕೆ ಕೇಳಿಸಿತು. ಒಂದು ಮೊಪೆಡ್ಡಿನ ಹಾಗೆ, ಇನ್ನೊಂದು ಸಣ್ಣಗೆ.

ಹಾಲು ಒಡೆಯದಿರಲೆಂದು ಚೀಲವನ್ನು ನಮ್ಮ ಫ್ರಿಜ್ಜಿನಲ್ಲಿಟ್ಟು, ಬೆಲ್ ಮಾಡದೆ ಹೊರಟೆ.