ಸಹಾಯವಾಣಿಯ ನೈಚೋರು

ಉಮ್ಮರ್ ಕೆಟ್ಟದ್ದು ತನ್ನ ಬಾಯಿಯಿಂದ. ದಮ್ಮಾಮಿನಲ್ಲಿ ಲಾರಿ ಓಡಿಸುವವನು ಎರಡು ತಿಂಗಳ ರಜೆಯಲ್ಲಿ ವಿಟ್ಲದ ಮನೆಗೆ ಬಂದಿದ್ದ. ಸುಮ್ಮನೆ ಉಂಡು ಮಲಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹೆಂಡತಿ ಫಾಹಿಮಾಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ಹುಡುಗಿಯನ್ನು ತವರಿಗೆ ಕರೆದೊಯ್ಯುವುದು ಕ್ರಮವಲ್ಲವೇ? ಅತ್ತೆ ರುಖಿಯಮ್ಮ ಕಕ್ಕಿಂಜೆಯಿಂದ ಫೋನ್ ಮಾಡಿಯೇಬಿಟ್ಟರು. ಹೆಂಡತಿ ಹೋದರೆ ರಜೆಯಿಡೀ ಗೋಡೆ ನೋಡುತ್ತಾ ಕೂರಬೇಕಲ್ಲ ಎಂದು ಉಮ್ಮರ್‌ನಿಗೆ ಅಳುವೇ ಬಂತು.

“ಮಾಮಿ, ನನ್ನ ರಜೆ ಮುಗಿಯುವವರೆಗೆ ಅವಳು ಇಲ್ಲೇ ಇರಲಿ.”

“ಅಲ್ಲಿ ಅವಳಿಗೆ ಬೇಯಿಸಿ ಹಾಕುವವರು ಯಾರುಂಟು?”

“ನಾನಿಲ್ವಾ? ದಮ್ಮಾಮಿನ ರೂಮಿನಲ್ಲಿ ಹನ್ನೆರಡು ಜನಕ್ಕೆ ನೈಚೋರು ಮಾಡಿ ಹಾಕಿದವ ನಾನು!”

ನೈಚೋರು, ಅಂದರೆ ತುಪ್ಪದನ್ನ, ಮಾಡಿ ಹಾಕಿದವನು ರೂಮಿನ ಅಝೀಮ್. ಉಮ್ಮರ್ ಪಾತ್ರೆ ತೊಳೆದವನು.

“ಹಾಗಾದ್ರೆ ಗುರುವಾರ ಮಧ್ಯಾಹ್ನ ಬರ್ತೇನೆ, ತಿಂದು ನೋಡುವ. ಸರಿ ಇದ್ರೆ ಮಗಳು ಅಲ್ಲೇ ಇರಲಿ. ಇಲ್ಲದಿದ್ರೆ ಅವತ್ತೇ ಕರ್ಕೊಂಡು ಹೋಗ್ತೇನೆ,” ಎಂದರು ರುಖಿಯಮ್ಮ. ಅಡುಗೆಯ ಬಗ್ಗೆ ಗಂಡನಿಗೆ ಒಂದು ಮಾತೂ ಹೇಳಬಾರದೆಂದು ಮಗಳಿಂದ ಮಾತು ತೆಗೆದುಕೊಂಡರು.

ಗುರುವಾರ ಬೆಳಿಗ್ಗೆ ಉಮ್ಮರ್ ಮೊಬೈಲಿನಲ್ಲಿ ವಿಡಿಯೋ ನೋಡಿದ. ಒಬ್ಬ ಒಂದು ಲೋಟ ಅಕ್ಕಿಗೆ ಒಂದೂವರೆ ಲೋಟ ನೀರು ಎಂದ, ಇನ್ನೊಬ್ಬ ಎರಡು ಎಂದ. ಆಗ ನೆನಪಾದದ್ದು ಪೇಟೆಯ ಅಂಗಡಿಯ ಗೋಡೆಗೆ ಅಂಟಿಸಿದ್ದ ಚೀಟಿ: ‘ಮನೆವಾರ್ತೆ ಸಹಾಯವಾಣಿ, ಮೂಡಬಿದ್ರೆ. ಅಡುಗೆ, ಬಾಣಂತನ, ಬಟ್ಟೆಯ ಕಲೆ, ಅತ್ತೆ-ಸೊಸೆ ಜಗಳ. ಏನು ಬೇಕಾದರೂ ಕೇಳಿ.’

“ನಮಸ್ಕಾರ, ಹರ್ಷಿತಾ ಮಾತಾಡುವುದು. ತಮ್ಮ ಹೆಸರು, ಊರು?”

ಮಾತು ಊರಿಡೀ ಸುತ್ತಿ ಅತ್ತೆಯ ಕಿವಿಗೆ ಬಿದ್ದರೆ? ಉಮ್ಮರ್ ಬಾಯಿಗೆ ಬಂದದ್ದು ಹೇಳಿದ. “ಕೂಸಪ್ಪ. ಮಾಣಿ. ನೈಚೋರು ಮಾಡ್ಲಿಕ್ಕೆ ನೀರಿನ ಲೆಕ್ಕ ಎಷ್ಟು?”

“ಕೂಸಪ್ಪಣ್ಣ, ನನಗೆ ಚಹಾ ಬಿಟ್ಟು ಏನೂ ಬರುವುದಿಲ್ಲ. ಗೊತ್ತಿದ್ದವರ ಪಟ್ಟಿ ಉಂಟು, ಕೇಳಿ ಹೇಳ್ತೇನೆ. ಫೋನ್ ಇಡ್ಬೇಡಿ.”

ಹತ್ತು ನಿಮಿಷದ ಮೇಲೆ ಉತ್ತರ ಬಂತು. ಒಂದೂವರೆ. ಅಷ್ಟರಲ್ಲಿ ತಾಯಿಯ ಫೋನ್ ಬಂದು ಚಾವಡಿಯಿಂದ ಫಾಹಿಮಾ ಕೂಗಿದಳು. “ಉಮ್ಮನಿಗೆ ಎಂಟೂವರೆಯ ಬಸ್ಸು ತಪ್ಪಿತಂತೆ. ಇನ್ನೂ ಒಂದು ಗಂಟೆ ತಡ.”

“ಅಲ್‌ಹಮ್ದುಲಿಲ್ಲಾ!” ಎಂದ ಉಮ್ಮರ್, ಖುಷಿಯಲ್ಲಿ ನೀರಿಗೆ ಎರಡು ಸಲ ಉಪ್ಪು ಹಾಕಿದ.

ಮತ್ತೆ ಫೋನ್. ಹರ್ಷಿತಾ ಕೇಳಿ ಹೇಳಿದಳು. “ಅಕ್ಕಿ ಹಾಕಿಲ್ಲದಿದ್ರೆ ಅರ್ಧ ನೀರು ಚೆಲ್ಲಿ ಬೇರೆ ನೀರು ಹೊಯ್ಯಬೇಕಂತೆ. ಮತ್ತೆ, ನಿಮಗೆ ಮದುವೆ ಆಗಿಲ್ವಾ ಅಂತ ಕೇಳಿದ್ರು.”

“ಆಗಿದೆ. ಅದೇ ತೊಂದರೆ,” ಎಂದ ಉಮ್ಮರ್ ಅಕ್ಕಿ ಹಾಕಿದ. ಬೆಂಕಿ ಸಣ್ಣ ಮಾಡಬೇಕೋ ಎಂದು ಮೂರನೆಯ ಸಲ ಕೇಳಿ ಕಾಯುತ್ತಾ ನಿಂತಾಗಲೇ ಅಡಿ ಹಿಡಿಯಿತು.

“ಉಮ್ಮರಣ್ಣ, ಎಂತ ಹೊಗೆ ಅದು? ತೆಂಗಿನ ಗರಿ ಸುಡ್ತೀರಾ?” ಪಕ್ಕದ ಮನೆಯ ಪ್ರೇಮಾವತಿ ಪಾಗಾರದ ಮೇಲಿಂದ ಇಣುಕಿದಳು.

“ಸೊಳ್ಳೆಗೆ!” ಎಂದ ಉಮ್ಮರ್ ಕಿಟಕಿ ಮುಚ್ಚಿ, ಫೋನಿಗೆ ಪಿಸುಗುಟ್ಟಿದ. “ಅಕ್ಕಾ, ಕರಟಿತು. ಈ ವಾಸನೆ ಹೋಗದಿದ್ರೆ ನನ್ನ ಹೆಂಡತಿಯೂ ಹೋಗ್ತಾಳೆ!”

ಈ ಸಲ ಕಾಲು ಗಂಟೆ ಹಿಡಿಯಿತು. “ಮೇಲಿನ ಅನ್ನ ಮಾತ್ರ ಬೇರೆ ಪಾತ್ರೆಗೆ ತೆಗೀಬೇಕಂತೆ. ಒಂದು ವೀಳ್ಯದೆಲೆ ಮಡಚಿ, ಮೂರು ಲವಂಗ ಚುಚ್ಚಿ, ಅದರ ನಡುವೆ ಹುಗಿದು ಮುಚ್ಚಿಡಿ. ಯಾರಿಗೂ ಹೇಳದ ಗುಟ್ಟಂತೆ ಇದು.”

ಉಮ್ಮರ್ ಪ್ರೇಮಾವತಿಯ ಬಳ್ಳಿಯಿಂದ ಎಲೆ ಬೇಡಿ ತಂದ. ಸೊಳ್ಳೆಗೆ ವೀಳ್ಯದೆಲೆ ಯಾಕೆಂದು ಅವಳು ಕೇಳಿದಳು, ಅವನು ಕೇಳಿಸದವನಂತೆ ನಡೆದ. ಇತ್ತ ಫಾಹಿಮಾ ಮತ್ತೊಂದು ಸುದ್ದಿ ಹೇಳಿದಳು. ಉಮ್ಮನಿಗೆ ಒಂಬತ್ತೂವರೆಯ ಬಸ್ಸೂ ತಪ್ಪಿತಂತೆ. ಇವತ್ತು ದೇವರು ತನ್ನ ಕಡೆಗೇ ಇದ್ದಾನೆಂದು ಉಮ್ಮರ್‌ನಿಗೆ ಖಾತ್ರಿಯಾಯಿತು.

ಒಂದೂವರೆಗೆ ರುಖಿಯಮ್ಮ ಬಂದು, ಕೈ ತೊಳೆದು, ಊಟಕ್ಕೆ ಕೂತರು. ಮೊದಲ ತುತ್ತು ಬಾಯಿಗೆ ಹೋಯಿತು.

“ಅಡ್ಡಿಲ್ಲ ಮಾರಾಯ. ಚಂದ ಆಗಿದೆ,” ಎಂದರು ಅತ್ತೆ. “ಮಾತು ಅಂದ್ರೆ ಮಾತು. ಮಗಳು ಇಲ್ಲೇ ಇರಲಿ.”

ಉಮ್ಮರ್‌ನಿಗೆ ಅಲ್ಲೇ ಕುಣಿಯಬೇಕೆನಿಸಿತು. ಸಂತೋಷಕ್ಕೆ ಇನ್ನೆರಡು ಸೌಟು ಬಡಿಸಿದ.

“ಆದ್ರೆ ಇಷ್ಟು ತಡ ಯಾಕಾಯ್ತು ಉಮ್ಮ?” ಎಂದಳು ಫಾಹಿಮಾ.

“ಅಯ್ಯೋ, ಮೂಡಬಿದ್ರೆಯ ಆ ಸಹಾಯವಾಣಿಯವರು! ನಮ್ಮ ಕಡೆಯ ಅಡುಗೆ ಅಂದ್ರೆ ನನಗೇ ಫೋನ್ ಮಾಡುವುದು. ಮಾಣಿಯ ಯಾರೋ ಕೂಸಪ್ಪ ಅಂತೆ, ಪಾಪದವ. ನೀರು ಗೊತ್ತಿಲ್ಲ, ಉಪ್ಪು ಗೊತ್ತಿಲ್ಲ, ಕಡೆಗೆ ಕರಟಿಸಿದ! ಎರಡು ಬಸ್ಸು ತಪ್ಪಿತು ನನಗೆ. ಹೆಂಡತಿ ಬಿಟ್ಟು ಹೋಗ್ತಾಳೆ ಅಂತ ಅಳ್ತಾನಂತೆ. ಕನಿಕರ ಆಗಿ, ನನ್ನ ಉಮ್ಮ ಕಲಿಸಿದ ಗುಟ್ಟನ್ನೂ ಹೇಳಿಬಿಟ್ಟೆ. ನಿನಗೂ ಹೇಳಿಲ್ಲ ಅದನ್ನು.”

ಉಮ್ಮರ್ ಪಾತ್ರೆಯೊಳಗೆ ಸೌಟು ಹಾಕಿ ಕೆದಕಿದ. ಆ ಎಲೆ! ಅದನ್ನು ತೆಗೆದಿದ್ದೇನಾ?

ರುಖಿಯಮ್ಮನ ಬೆರಳು ಬಟ್ಟಲಲ್ಲಿ ನಿಂತಿತು. ಅನ್ನದ ಒಳಗಿನಿಂದ ಮೆಲ್ಲನೆ ಒಂದು ಮಡಚಿದ ವೀಳ್ಯದೆಲೆಯನ್ನು ಎತ್ತಿದರು. ಲವಂಗ ಎಣಿಸಿದರು. ಮೂರು.

ಎಲೆಯನ್ನು ಬಟ್ಟಲಿನ ಅಂಚಿಗೆ ಇಟ್ಟು, ಅಳಿಯನ ಮುಖ ನೋಡಿದರು.

“ಫಾಹಿಮಾ, ಬಟ್ಟೆಬರೆ ಕಟ್ಟು. ಮೂರೂವರೆಯ ಬಸ್ಸಿಗೆ ಹೋಗುವ,” ಎಂದು, ಬಟ್ಟಲು ಮುಂದೆ ಚಾಚಿದರು. “ಇನ್ನು ಸ್ವಲ್ಪ ಬಡಿಸು, ಕೂಸಪ್ಪ.”